ಮರವಂತೆಯ ಉಪ್ಪು, ನಾಗಪುರದ ಬಿಸಿಲು

ಅಪ್ಪಯ್ಯ ಫೋನ್ ಮಾಡಿದರೆ ಮೊದಲು ಮೊಮ್ಮಗಳ ವಿಷಯ, ಆಮೇಲೆ ಮಳೆಯ ವಿಷಯ, ಮೂರನೆಯದು ಕಾರು. "ಗಾಡಿ ಹ್ಯಾಂಗಿತ್ತ್?" ಎಂದು ಕೇಳುತ್ತಾರೆ. ಕುಂದಾಪ್ರ ಕನ್ನಡ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಇದು 'ಹೇಗಿತ್ತು' ಅಲ್ಲ, 'ಹೇಗಿದೆ'. ಎರಡೂವರೆ ವರ್ಷ ನಾನು "ಲಾಯ್ಕ್ ಇತ್ತ್ ಅಪ್ಪಯ್ಯ" ಎಂದೇ ಉತ್ತರ ಕೊಡುತ್ತ ಬಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಕಾರಿನ ಅಡಿಗೆ ಬಗ್ಗಿ ನೋಡುವವರು ಯಾರು?

ಕಾರು ಅವರದ್ದೇ. 2012ರಲ್ಲಿ ಮೇಷ್ಟ್ರ ಕೆಲಸದಿಂದ ನಿವೃತ್ತರಾದಾಗ ಬಂದ ಹಣದಲ್ಲಿ ತೆಗೆದುಕೊಂಡ ಸಣ್ಣ ಬಿಳಿ ಕಾರು. ನಮ್ಮ ಮನೆ ನಾವುಂದದಲ್ಲಿ. ಅಲ್ಲಿಂದ ಕುಂದಾಪುರಕ್ಕೆ ಹೋಗಬೇಕಾದರೆ ಮರವಂತೆ ದಾಟಲೇಬೇಕು. ಮರವಂತೆಯ ಫೋಟೋ ನೀವೆಲ್ಲ ನೋಡಿರುತ್ತೀರಿ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ 66. ಫೋಟೋದಲ್ಲಿ ಕಾಣದ ಸಂಗತಿಯೆಂದರೆ, ಜೂನ್ ಜುಲೈಯಲ್ಲಿ ಅಲೆ ತಡೆಗಲ್ಲಿಗೆ ಬಡಿದಾಗ ಹಾರುವ ಹನಿ ನೇರವಾಗಿ ರಸ್ತೆಗೆ ಬೀಳುತ್ತದೆ. ವೈಪರ್ ಹಾಕಿದರೆ ಗಾಜಿನ ಮೇಲೆ ಬಿಳಿ ಗೀರು. ಅಪ್ಪಯ್ಯ ಒಂಬತ್ತು ವರ್ಷ ಹೆಚ್ಚುಕಡಿಮೆ ದಿನಾ ಈ ದಾರಿಯಲ್ಲಿ ಓಡಾಡಿದರು, ಬ್ಯಾಂಕು, ಔಷಧಿ, ಸೊಸೈಟಿ ಮೀಟಿಂಗು ಎಂದುಕೊಂಡು.

ಸಮುದ್ರದ ಹನಿ ಸಾಲದೆಂಬಂತೆ ಮೀನು ಲಾರಿಗಳೂ ಇವೆ. ಗಂಗೊಳ್ಳಿ ಬಂದರಿನ ಲಾರಿಗಳು ಇದೇ ಹೆದ್ದಾರಿಗೆ ಬಂದು ಸೇರುತ್ತವೆ. ಐಸು ಕರಗಿ, ಮೀನಿನ ನೀರು ಸೇರಿ, ಹಿಂದಿನ ಬಾಗಿಲಿನಿಂದ ಸೋರುತ್ತ ಹೋಗುತ್ತದೆ. ಬೈಕಿನವರು ಜಾರಿಬಿದ್ದ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನೀರು ಹಿಡಿಯುವ ಟ್ಯಾಂಕು ಇಟ್ಟುಕೊಳ್ಳಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ಲಾರಿಗಳು ಸೋರುತ್ತಲೇ ಇರುತ್ತವೆ. ಕೆನಡಾ, ಅಮೆರಿಕದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ನಮ್ಮಲ್ಲಿ ಆ ಕೆಲಸವನ್ನು ಮೀನು ಲಾರಿಗಳು ಬಿಟ್ಟಿಯಾಗಿ ಮಾಡಿಕೊಡುತ್ತವೆ.

2021ರ ಡಿಸೆಂಬರಿನಲ್ಲಿ ಅಪ್ಪಯ್ಯನ ಕಣ್ಣಿನ ಆಪರೇಷನ್ ಆಯಿತು. ಇನ್ನು ರಾತ್ರಿ ಎದುರು ಲೈಟಿಗೆ ಓಡಿಸುವುದು ಆಗದು ಎಂದು ಅವರೇ ಹೇಳಿ, ಕೀಲಿ ನನ್ನ ಕೈಗಿಟ್ಟರು. "ಮಾರೂಕೆ ಮನಸ್ಸಿಲ್ಲ, ನೀ ತಕಂಡ್ ಹೋಗ್." ಅಂಕೋಲಾದಿಂದ ಘಟ್ಟ ಹತ್ತಿ, ಹುಬ್ಬಳ್ಳಿ, ವಿಜಯಪುರ, ಸೋಲಾಪುರ, ಲಾತೂರು, ನಾಂದೇಡ, ಯವತಮಾಳ, ವರ್ಧಾ ಹಾದು ಸಾವಿರದ ನೂರು ಕಿಲೋಮೀಟರ್‌ ಮೀರಿದ ಪ್ರಯಾಣ. ಎರಡು ರಾತ್ರಿ ಹೋಟೆಲಿನಲ್ಲಿ ತಂಗಿ ಮೂರನೆಯ ದಿನ ಸಂಜೆ ನಾಗಪುರ ಮುಟ್ಟಿದೆ. ದಾರಿಯಲ್ಲಿ ಒಂದು ಪಂಕ್ಚರ್ ಕೂಡ ಆಗಲಿಲ್ಲ. ಎನ್‌ಒಸಿ, ಮಹಾರಾಷ್ಟ್ರದ ತೆರಿಗೆ ಎಲ್ಲ ಮುಗಿಸುವುದರಲ್ಲಿ ಕೆಲವು ತಿಂಗಳು ಹೋಯಿತು. ಕೆಎ 20 ಹೋಗಿ ಎಂಎಚ್ 31 ಬಂತು.

ಇಲ್ಲಿ ನನ್ನದೊಂದು ತಪ್ಪು ಲೆಕ್ಕಾಚಾರವಿತ್ತು. ನಾಗಪುರ ಎಂದರೆ ದೇಶದ ಹೊಟ್ಟೆ. ನಾಲ್ಕು ಕುದುರೆಗಳ ಝೀರೋ ಮೈಲ್ ಕಂಬ ಇರುವ ಊರು. ಯಾವ ದಿಕ್ಕಿಗೆ ಹೋದರೂ ಸಮುದ್ರ ಐನೂರು ಕಿಲೋಮೀಟರಿಗಿಂತ ದೂರ. ಏಪ್ರಿಲ್ ಮೇಯಲ್ಲಿ ಒಗೆದ ಬಟ್ಟೆ ಹಗ್ಗಕ್ಕೆ ಹಾಕಿ ಒಳಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಗರಿಗರಿ. ಇಂಥ ಊರಿಗೆ ಬಂದ ಮೇಲೆ ತುಕ್ಕಿನ ಚಿಂತೆ ಮುಗಿಯಿತೆಂದು ನಾನು ತಿಳಿದುಕೊಂಡೆ. ಕಾರು ಸಮುದ್ರವನ್ನು ಬಿಟ್ಟು ಬಂದಿತ್ತು, ನಿಜ. ಉಪ್ಪನ್ನು ಬಿಟ್ಟು ಬಂದಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಬ್ಬಿಣ ತುಕ್ಕು ಹಿಡಿಯಲು ಗಾಳಿ ಬೇಕು, ನೀರು ಬೇಕು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ತುಕ್ಕಿನ ಕೆಲಸ ಬಲು ಬೇಗ ಸಾಗುತ್ತದೆ. ಇಷ್ಟು ಶಾಲೆಯಲ್ಲಿ ಕಲಿತದ್ದೇ. ಕಲಿಯದೆ ಇದ್ದದ್ದು ಇನ್ನೊಂದು: ಉಪ್ಪು ಗಾಳಿಯಿಂದ ತಾನೇ ನೀರೆಳೆದುಕೊಳ್ಳುತ್ತದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ನೀರಾಗತೊಡಗುತ್ತದೆ. ಆಟಿ ತಿಂಗಳಲ್ಲಿ ಊರಿನ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಮ್ಮಿನ ಉಪ್ಪೂ ಸೇರಿರುತ್ತದೆ, ಅದಕ್ಕಂತೂ ಇದರ ಅರ್ಧದಷ್ಟು ತೇವವೂ ಬೇಡ. ಎಂದರೆ ಕಾರಿನ ಅಡಿಯ ಸಂದಿಯಲ್ಲಿ ಕೂತ ಒಂದು ಚಿಟಿಕೆ ಉಪ್ಪು ಊರಿನಲ್ಲಿ ವರ್ಷದ ಬಹುಪಾಲು ಒದ್ದೆಯಾಗಿಯೇ ಇತ್ತು. ನಾಗಪುರದ ಬೇಸಿಗೆಯಲ್ಲಿ ಮಧ್ಯಾಹ್ನದ ತೇವ ಇಪ್ಪತ್ತು, ಇಪ್ಪತ್ತೈದಕ್ಕೆ ಇಳಿಯುತ್ತದೆ. ಆಗ ಅದು ಒಣಗಿ ಮಲಗಿತು. ಜೂನ್ ಮಧ್ಯದಲ್ಲಿ ವಿದರ್ಭಕ್ಕೆ ಮಳೆ ಬಂತು, ಎದ್ದು ಕೂತಿತು.

ಮಲಗಿದ್ದಾಗಲೇ ತೊಳೆದು ಹೊರಹಾಕಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದು ಅದರ ಮೇಲೆ ಕಂಬಳಿ ಹೊದೆಸುವ ಕೆಲಸ.

2022ರ ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರವೇ, ಗಾಜಿನ ಬಾಗಿಲಿನ ಒಂದು ಕಾರ್ ಕೇರ್ ಅಂಗಡಿಗೆ ಹೋದೆ. ಹೆಸರು ಬೇಡ. 'ಅಂಡರ್‌ಬಾಡಿ ಆ್ಯಂಟಿರಸ್ಟ್ ಕೋಟಿಂಗ್' ಎಂಬ ಬೋರ್ಡು ಹಾಕಿದ್ದರು. ನಾಲ್ಕೂವರೆ ಸಾವಿರ ರೂಪಾಯಿ, ಮೂರು ವರ್ಷದ ಕಾರ್ಡು. ಬೆಳಿಗ್ಗೆ ಹತ್ತಕ್ಕೆ ಕೊಟ್ಟ ಕಾರು ಮಧ್ಯಾಹ್ನ ಒಂದಕ್ಕೆ ಕೈಗೆ ಬಂತು. ಮೇಲೆತ್ತಿ ತೋರಿಸಿದರು. ಅಡಿಯೆಲ್ಲ ಹೊಸ ಡಾಂಬರು ರಸ್ತೆಯ ಹಾಗೆ ಕಪ್ಪಗೆ, ಒಂದೇ ಸಮನೆ. ನನಗೆ ಬಹಳ ಖುಷಿಯಾಯಿತು. ಫೋಟೋ ತೆಗೆದು ಅಪ್ಪಯ್ಯನಿಗೆ ಕಳಿಸಿದೆ. ಅವರು ಮಾತ್ರ, "ಮಳಿಗಾಲ್ದಗೆ ಒಣ್ಗಿತ್ತಾ?" ಎಂದು ಕೇಳಿದರು. ಇದು ಕೆಮಿಕಲ್ಲು, ತಾನೇ ಒಣಗುತ್ತದೆ ಎಂದು ನಾನು ತಿಳಿದವನ ಹಾಗೆ ಉತ್ತರಿಸಿದೆ. ಅವರು ಕೇಳಿದ್ದು ಬಳಿದ ಬಣ್ಣ ಒಣಗಿತ್ತೇ ಎಂದಲ್ಲ. ಬಳಿಯುವ ಮೊದಲು ತಗಡು ಒಣಗಿತ್ತೇ ಎಂದು. ಅದು ಹೊಳೆಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

2024ರ ಜುಲೈ. ಮಗಳನ್ನು ಶಾಲೆಯಿಂದ ಕರೆದುಕೊಂಡು ವರ್ಧಾ ರಸ್ತೆಯ ಡಬಲ್ ಡೆಕ್ಕರ್ ಫ್ಲೈಓವರ್ ಇಳಿಯುತ್ತಿದ್ದೆ, ಮೇಲೆ ಮೆಟ್ರೋ, ಕೆಳಗೆ ನಾವು. ಜಡಿಮಳೆ. ಮುಂದಿನ ವಾಹನಗಳ ಕೆಂಪು ದೀಪ ಕಂಡು ಬ್ರೇಕು ಒತ್ತಿದರೆ ಪೆಡಲು ಬೆಣ್ಣೆಗೆ ಕಾಲಿಟ್ಟಂತೆ ಕೆಳಗಿಳಿಯಿತು. ಕಾರು ನಿಂತಿತು, ಆದರೆ ನಿಲ್ಲಬೇಕಾದ ಜಾಗ ದಾಟಿ. ಮುಂದಿದ್ದ ಆಟೋಗೂ ನನಗೂ ನಡುವೆ ಒಂದು ಮೊಳ ಉಳಿದಿತ್ತೇನೋ. ಹಿಂದಿನ ಸೀಟಿನಲ್ಲಿ ಮಗಳು ನೀರಿನ ಬಾಟಲಿ ಬಿದ್ದದ್ದಕ್ಕೆ ನನ್ನನ್ನು ಬೈಯುತ್ತಿದ್ದಳು. ನನ್ನ ಕೈ ಗಿಯರಿನ ಮೇಲೆ ನಡುಗುತ್ತಿತ್ತು. ಅದನ್ನು ಅವಳಿಗೆ ಕಾಣಿಸದಂತೆ ಕೂತೆ. ಎರಡನೆಯ ಗಿಯರಿನಲ್ಲೇ, ಹ್ಯಾಂಡ್‌ಬ್ರೇಕು ಹಿಡಿದುಕೊಂಡು, ಎಡಬದಿಯಲ್ಲಿ ತೆವಳಿಕೊಂಡು ಮನೆ ಸೇರಿದೆವು. ಹಾಗೆ ಓಡಿಸಿದ್ದೂ ತಪ್ಪೇ. ಅಲ್ಲೇ ಬದಿಗೆ ನಿಲ್ಲಿಸಿ ಎಳೆಯುವ ಗಾಡಿ ಕರೆಯಬೇಕಿತ್ತು.

ಮರುದಿನ ಕಾರನ್ನು ಎಳೆಸಿಕೊಂಡು ಹೋದದ್ದು ಗಾಜಿನ ಅಂಗಡಿಗಲ್ಲ. ಬೇವಿನ ಮರದ ಅಡಿ ಒಂದು ಗುಂಡಿ, ಅದರ ಮೇಲೊಂದು ತಗಡಿನ ಮಾಡು, ಇಷ್ಟೇ ಇರುವ ಹಳೇ ಗ್ಯಾರೇಜು. ಅಲ್ಲಿಯ ಮೇಸ್ತ್ರಿಯನ್ನು ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗುಂಡಿಗಿಳಿದು, ಟಾರ್ಚು ಹಿಡಿದು, ಐದು ನಿಮಿಷ ಮಾತಿಲ್ಲ. ಆಮೇಲೆ ಕೆಳಗಿನಿಂದಲೇ ಒಂದು ಪ್ರಶ್ನೆ: "ಸಮುಂದರ್ ಕೀ ಗಾಡಿ ಹೈ ಕ್ಯಾ, ಭಾವೂ?"

ನಂಬರ್ ಪ್ಲೇಟು ಎಂಎಚ್ 31. ನನ್ನ ಹಿಂದಿ ಕೇಳಿ ಕರ್ನಾಟಕದವನೆಂದು ಊಹಿಸಬಹುದು, ಸಮುದ್ರದ ವಿಷಯ ಹೇಗೆ ಗೊತ್ತಾಯಿತು? ಗುಂಡಿಗೆ ಇಳಿಯಲು ಹೇಳಿದರು. ಸ್ಕ್ರೂಡ್ರೈವರಿನ ತುದಿಯಿಂದ ಆ ಕಪ್ಪು ಲೇಪವನ್ನು ಮೆಲ್ಲಗೆ ಒತ್ತಿದರು. ಹಪ್ಪಳ ಮುರಿದಂತೆ ಚರಕ್ ಎಂದು ಒಳಗೆ ಹೋಯಿತು. ಲೇಪದ ಹಿಂದೆ ತಗಡೇ ಇರಲಿಲ್ಲ, ಪದರ ಪದರವಾದ ತುಕ್ಕು ಇತ್ತು. ಹಿಂದಿನ ಚಕ್ರದ ಮೇಲೆ ಹಾದುಹೋಗುವ ಬ್ರೇಕಿನ ಉಕ್ಕಿನ ಪೈಪು, ಅದೂ ಕಪ್ಪು ಬಳಿಸಿಕೊಂಡಿತ್ತು, ಕ್ಲಿಪ್ಪಿನ ಸಂದಿಯಲ್ಲಿ ಸವೆದು ಎಣ್ಣೆ ಬಿಟ್ಟಿತ್ತು. ಬ್ರೇಕಿಗೆ ಎರಡು ಪ್ರತ್ಯೇಕ ದಾರಿ ಇರುತ್ತದಂತೆ. ಒಂದು ಹೋದರೂ ಇನ್ನೊಂದು ಅರ್ಧ ಕೆಲಸ ಮಾಡುತ್ತದೆ. ಆ ಅರ್ಧವೇ ಹಿಂದಿನ ದಿನ ನಮ್ಮನ್ನು ಉಳಿಸಿದ್ದು.

ಇಲ್ಲಿ ತುಕ್ಕಿಗೆ ಮರಾಠಿಯಲ್ಲಿ ಗಂಜ್, ಹಿಂದಿಯಲ್ಲಿ ಜಂಗ್. ಕಾಕಾ ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸುತ್ತ ನನಗೆ ಪಾಠ ಹೇಳಿದರು. ಲೇಪ ಕೆಟ್ಟದ್ದಲ್ಲ. ಹೊಸ ಕಾರಿಗೆ, ಸ್ವಚ್ಛ ಒಣ ತಗಡಿಗೆ ಹಾಕಿದರೆ ಕಲ್ಲು ಸಿಡಿಯುವುದನ್ನು, ನೀರು ತಾಗುವುದನ್ನು ತಡೆಯುತ್ತದೆ. ಹತ್ತು ವರ್ಷದ ಉಪ್ಪಿನ ಗಾಡಿಗೆ, ಮಳೆಗಾಲದಲ್ಲಿ, ಮೂರು ಗಂಟೆಯಲ್ಲಿ ಹಾಕಿದರೆ ಉಪ್ಪು, ನೀರು, ತುಕ್ಕು ಮೂರನ್ನೂ ಒಳಗಿಟ್ಟು ಬೀಗ ಹಾಕಿದಂತೆ. ಮೇಲಿನಿಂದ ಅಂದವಾಗಿ ಕಾಣುತ್ತದೆ, ಒಳಗೆ ಬಿಸಿಲೂ ತಾಗುವುದಿಲ್ಲ, ಗಾಳಿಯೂ ಆಡುವುದಿಲ್ಲ. ಬಾಗಿಲುಗಳ ಅಡಿ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆಯ ಅಡಿ, ನೀರು ಇಳಿದುಹೋಗಲೆಂದು ಕಂಪನಿಯವರು ಸಣ್ಣ ತೂತು ಬಿಟ್ಟಿರುತ್ತಾರೆ. ಅವಸರದಲ್ಲಿ ಸ್ಪ್ರೇ ಹೊಡೆದವರು ಅವನ್ನೂ ಮುಚ್ಚಿಬಿಟ್ಟಿದ್ದರು. ಎರಡು ಮಳೆಗಾಲ ಆ ತೊಲೆಯೊಳಗೆ ನೀರು ನಿಂತೇ ಇತ್ತು.

ಕಾಕಾ ಒಂದು ತಂತಿ ತಂದು ಎಡಬದಿಯ ತೂತು ಚುಚ್ಚಿದರು. ಮೊದಲು ಕೆಂಪು ನೀರು ಬಂತು. ಹಿಂದೆಯೇ ಸಣ್ಣಗೆ ಮರಳು ಇಳಿಯತೊಡಗಿತು. ಒಂದು ಮುಷ್ಟಿಯಷ್ಟು. ಕೈಯಲ್ಲಿ ಹಿಡಿದು ನೋಡಿದೆ, ನುಣ್ಣಗೆ, ಒಂದೆರಡು ಚಿಪ್ಪಿನ ಚೂರು. ಅದು ವಿದರ್ಭದ ಕಪ್ಪು ಮಣ್ಣಲ್ಲ.

ಮನೆಯಲ್ಲಿ ಚರ್ಚೆ ನಡೆಯಿತು. ಹೆಂಡತಿಯ ವಾದ ನೇರ: ಗುಜರಿಗೆ ಹಾಕಿ, ಮಗುವನ್ನು ಕೂರಿಸಿಕೊಂಡು ಓಡಾಡುವ ಗಾಡಿ ಇದು. ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಎಂಜಿನ್ನು ಗಟ್ಟಿಯಿದೆ, ಮುಖ್ಯ ಚಾಸಿಯ ತೊಲೆಗಳಲ್ಲಿ ಸುತ್ತಿಗೆ ಬಡಿದರೆ ಗಟ್ಟಿ ಸದ್ದೇ ಬರುತ್ತದೆ, ಹೋಗಿರುವುದು ನೆಲದ ಒಂದು ಭಾಗ ಮತ್ತು ಪೈಪುಗಳು ಎಂದು ಕಾಕಾ ಹೇಳಿದ ಮೇಲೆ, "ಆ ಮಾತನ್ನು ನನ್ನೆದುರು ಹೇಳಲಿ" ಎಂದಳು. ಇಬ್ಬರೂ ಹೋದೆವು. ಅವಳೂ ಗುಂಡಿಗಿಳಿದು, ತಾನೇ ಸುತ್ತಿಗೆ ಹಿಡಿದು ಬಡಿದು ನೋಡಿ ಬಂದು, ಆಯಿತು, ರಿಪೇರಿ ಮಾಡಿಸಿ ಎಂದಳು.

ಉಳಿದದ್ದು ಅಪ್ಪಯ್ಯನಿಗೆ ಹೇಳುವ ಕೆಲಸ. ಆ ಭಾನುವಾರ "ಗಾಡಿ ಹ್ಯಾಂಗಿತ್ತ್?" ಎಂದಾಗ ಬ್ರೇಕಿನ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದೆ. ಆಮೇಲೆ ಬ್ರೇಕಿನದ್ದೂ ಬಾಯಿಗೆ ಬಂತು. ಅತ್ತಕಡೆ ತುಂಬ ಹೊತ್ತು ಸದ್ದಿಲ್ಲ. ನನ್ನ ಆರೈಕೆ ಸರಿಯಿಲ್ಲವೆಂದು ಬೈಯುತ್ತಾರೆ ಎಂದುಕೊಂಡಿದ್ದೆ. "ನಂಗ್ ಸ್ವಲ್ಪ ಗೊತ್ತಿತ್ತ್ ಮಗಾ" ಎಂದರು.

ಮೊದಲು ಪ್ರತಿ ಮೇ ತಿಂಗಳಲ್ಲಿ ಅವರು ಹೆಮ್ಮಾಡಿಯ ಒಂದು ವರ್ಕ್‌ಶಾಪಿಗೆ ಹೋಗಿ ಅಡಿಗೆ ಆಯಿಲ್ ಸ್ಪ್ರೇ ಹೊಡೆಸುತ್ತಿದ್ದರಂತೆ. ಲಾರಿಯವರು ಮಾಡಿಸುವ ಕ್ರಮ. ಸಿಹಿನೀರಿನಲ್ಲಿ ಅಡಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ಹಳೇ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಸಂದಿ ಸಂದಿಗೆ ಊದುವುದು. ವಾಸನೆಯಿಂದ ವಾರವಿಡೀ ಅಮ್ಮ ಕಾರು ಹತ್ತುತ್ತಿರಲಿಲ್ಲ. ಆ ವರ್ಕ್‌ಶಾಪು ಮುಚ್ಚಿದ ಮೇಲೆ ಬೇರೆ ಕಡೆ ಹೋಗಲು ಬೇಸರವಾಗಿ ನಿಲ್ಲಿಸಿದರು. ಆಮೇಲೆ ಶೆಡ್ಡಿನ ನೆಲದಲ್ಲಿ ಬೆಳಿಗ್ಗೆ ಕೆಂಪು ಹುಡಿ ಕಾಣುತ್ತಿತ್ತಂತೆ. ನಮ್ಮ ಶೆಡ್ಡು ಕೆಂಪುಕಲ್ಲಿನದು, ಅಂಗಳ ಕೆಂಪು, ದಾರಿ ಕೆಂಪು. ಫೋನು ಅಮ್ಮನ ಕೈಗೆ ಹೋಯಿತು. "ಕಲ್ಲಿನ್ ಹುಡಿ ಅಂದ್ಕಂಡ್ ನಾ ದಿನಾ ಗುಡ್ಸ್ತಿದ್ದೆ ಮಾರಾಯ" ಎಂದರು. ಕರಾವಳಿಯಲ್ಲಿ ತುಕ್ಕಿಗೆ ಅಡಗಲು ಇದಕ್ಕಿಂತ ಒಳ್ಳೆಯ ಬಣ್ಣ ಸಿಗಲಿಕ್ಕಿಲ್ಲ.

ಈ ಎಣ್ಣೆಯ ವಿಷಯವನ್ನು ಟೊರಾಂಟೊದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಹೇಳಿದರೆ ಅವನು ನಕ್ಕುಬಿಟ್ಟ. ಅಲ್ಲಿ ಚಳಿಗಾಲಕ್ಕೆ ಮೊದಲು ಪ್ರತಿವರ್ಷ ದುಡ್ಡು ಕೊಟ್ಟು ಮಾಡಿಸುವುದು ಇದನ್ನೇ. ಬಾಗಿಲೊಳಗೆ, ತೊಲೆಯೊಳಗೆ ತೆಳ್ಳಗಿನ ಎಣ್ಣೆ ಊದಿಸುತ್ತಾರೆ. ಗಟ್ಟಿ ಲೇಪ ಒಂದು ಕಡೆ ಬಿರುಕು ಬಿಟ್ಟರೆ ನೀರು ಅದರ ಹಿಂದೆ ಸೇರಿಕೊಳ್ಳುತ್ತದೆ. ಎಣ್ಣೆ ಹಾಗಲ್ಲ, ತಗಡುಗಳ ಬೆಸುಗೆಯ ಸಂದಿಗೆ ತಾನೇ ತೆವಳಿ ಹೋಗುತ್ತದೆ, ಸವೆದರೆ ಮತ್ತೆ ಹಾಕಬಹುದು. ವ್ಯತ್ಯಾಸವೇನೆಂದರೆ ಅವರ ಎಣ್ಣೆ ಅದಕ್ಕೆಂದೇ ಮಾಡಿದ್ದು. ನಮ್ಮ ಸುಟ್ಟ ಆಯಿಲು ರಬ್ಬರಿನ ಬುಷ್ಷುಗಳನ್ನು ಕೆಡಿಸುತ್ತದೆ, ಅಂಗಳದ ಮಣ್ಣಿಗೆ ತೊಟ್ಟಿಕ್ಕಿ ಬಾವಿಯ ನೀರಿಗೂ ಸೇರಬಹುದು. ಅದನ್ನು ಈಗ ಯಾರೂ ಮಾಡಿಸಬಾರದು. ಆದರೆ ಆ ಹೆಮ್ಮಾಡಿಯವರಿಗೆ ತೊಳೆಯುವುದು, ಒಣಗಿಸುವುದು, ಆಮೇಲೆ ಹಚ್ಚುವುದು ಎಂಬ ಕ್ರಮ ಗೊತ್ತಿತ್ತು. ಗಾಜಿನ ಬಾಗಿಲಿನವರಿಗೆ ಕೊನೆಯದೊಂದೇ ಗೊತ್ತಿತ್ತು. ನಮ್ಮ ಕಡೆ ದೋಣಿಗೆ ಮೀನೆಣ್ಣೆ ಹಚ್ಚುವವರೂ ಮೊದಲು ದೋಣಿಯನ್ನು ದಡಕ್ಕೆಳೆದು ಒಣಗಿಸುತ್ತಾರಲ್ಲ.

ರಿಪೇರಿಗೆ ಹನ್ನೊಂದು ದಿನ ಹಿಡಿಯಿತು. ಬ್ರೇಕಿನ ಪೈಪು ಎಲ್ಲವೂ ಹೊಸದು, ಇದರಲ್ಲಿ ಅರ್ಧಂಬರ್ಧ ಬೇಡ ಎಂದು ಕಾಕಾ ಪಟ್ಟುಹಿಡಿದರು. ಕೊಳೆತ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಉಳಿದ ಕಡೆ ಕಪ್ಪು ಲೇಪವನ್ನೆಲ್ಲ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಮತ್ತೆ ನೀರು ಹೊಡೆದು ತೊಳೆದು, ಮಳೆ ಬಿಟ್ಟ ದಿನಗಳಿಗೆ ಕಾದು, ದೊಡ್ಡ ಫ್ಯಾನಿಟ್ಟು ಒಣಗಿಸಿದರು. ಆಮೇಲೆ ತುಕ್ಕನ್ನು ಗಟ್ಟಿಮಾಡುವ ಒಂದು ದ್ರವ ಹಚ್ಚಿದರು. ಕೆಂಪಗಿದ್ದ ತಗಡು ನೋಡನೋಡುತ್ತ ನೀಲಿಗಪ್ಪಾಯಿತು. ನನಗೆ ಥಟ್ಟನೆ ನೆನಪಾದದ್ದು ಅಳಲೆಕಾಯಿ. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಸೇರಿಸಿ ಶಾಯಿ ಮಾಡುತ್ತಿದ್ದರು. ಇಲ್ಲಿಯೂ ಅದೇ ಒಗರು, ಅದೇ ಕಬ್ಬಿಣ. ಅದರ ಮೇಲೆ ಪ್ರೈಮರು, ಅದರ ಮೇಲೆ ತೆಳ್ಳಗೆ ಲೇಪ, ತೊಲೆಗಳೊಳಗೆ ಮೇಣ ಬೆರೆತ ಎಣ್ಣೆ. ತೂತುಗಳಿಗೆ ಮೊದಲೇ ಬೆಂಕಿಕಡ್ಡಿ ಸಿಕ್ಕಿಸಿಟ್ಟಿದ್ದರು, ಮುಚ್ಚಿಹೋಗದಂತೆ. ಒಟ್ಟು ಇಪ್ಪತ್ತಮೂರು ಸಾವಿರ. ಕಾರು ಮಾರಿದರೆ ಒಂದು ಲಕ್ಷ ಬರುವುದೂ ಕಷ್ಟವಿತ್ತು, ಲೆಕ್ಕದಲ್ಲಿ ಇದು ಬುದ್ಧಿವಂತಿಕೆಯಲ್ಲ.

ಮುಂಬೈ, ಚೆನ್ನೈ, ಕೊಚ್ಚಿಯಿಂದ ಹಳೇ ಕಾರು ಕೊಳ್ಳುವವರು, ಊರಿನಿಂದ ಅಪ್ಪನ ಕಾರು ತರುವವರು ನಮ್ಮ ಓದುಗರಲ್ಲಿ ಎಷ್ಟೋ ಜನ ಇರುತ್ತೀರಿ. ಮೇಲಿನ ಬಣ್ಣ, ಎಂಜಿನ್ನಿನ ಸದ್ದು ಎಲ್ಲರೂ ನೋಡುತ್ತಾರೆ. ಗುಂಡಿಗೆ ಇಳಿಯಿರಿ, ಬ್ರೇಕಿನ ಪೈಪನ್ನು ಬೆರಳಿನಿಂದ ಸವರಿ. ಹಳೇ ಕಾರಿನ ಅಡಿ ಹೊಸದಾಗಿ ಕಪ್ಪಗೆ ಮಿಂಚುತ್ತಿದ್ದರೆ ಎರಡು ಸಲ ಯೋಚಿಸಿ.

ನಾಗಪುರದ ಮೇ ತಿಂಗಳನ್ನು ಹನ್ನೆರಡು ವರ್ಷ ಬೈದುಕೊಂಡು ಬಂದವನು ನಾನು. 45 ಡಿಗ್ರಿ, ಕೂಲರಿನ ಸದ್ದು, ಮಧ್ಯಾಹ್ನ ಬಿಕೋ ಎನ್ನುವ ರಸ್ತೆ. ಕಳೆದ ಮೇಯಲ್ಲಿ ಮಾತ್ರ ಅದು ಬರಲೆಂದು ಕಾದೆ. ಅಡಿಯನ್ನು ಚೆನ್ನಾಗಿ ತೊಳೆಸಿ ನಾಲ್ಕು ದಿನ ಮೈದಾನದಲ್ಲಿ ಬಿಸಿಲಿಗೆ ನಿಲ್ಲಿಸಿದೆ. ಊರಿನ ಮಾವಿನ ಹಪ್ಪಳ ಒಣಗಿಸುವ ಹಾಗೆ. ಐದನೆಯ ದಿನ ಕಾಕಾನ ಗುಂಡಿಗೆ ಒಯ್ದೆ. ಬಲಹಿಂಬದಿ ಚಕ್ರದ ಹತ್ತಿರ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಲೇಪ ಮತ್ತೆ ಉಬ್ಬಿತ್ತು.

ಅಪ್ಪಯ್ಯನಿಗೆ ಅದನ್ನೂ ಹೇಳಿದೆ. ಬಂದು ನೋಡಿ ಎಂದರೆ "ಆ ಬಿಸ್ಲಿಗ್ ನಾ ಬತ್ತಿಲ್ಲೆ" ಎಂದವರು, ವಿಡಿಯೋ ಕಾಲಿನಲ್ಲಿ ತೋರಿಸು ಎಂದರು. ಕಾಕಾ ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ನನ್ನ ಫೋನು ಹಿಡಿದು ಗುಂಡಿಗಿಳಿದರು. ಹನ್ನೆರಡು ವರ್ಷದಲ್ಲಿ ಅಪ್ಪಯ್ಯ ತಮ್ಮ ಕಾರಿನ ಅಡಿಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಅವರು ಕುಂದಾಪ್ರದಲ್ಲಿ "ಇನ್ನೂ ಸ್ವಲ್ಪ ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದರು, ಕಾಕಾ "ಹೌ ಕಾಕಾಜಿ, ಹೌ" ಎನ್ನುತ್ತ ಫೋನನ್ನು ಬಲಕ್ಕೆ ಸರಿಸುತ್ತಿದ್ದರು. ನಾನು ಮೇಲೆ ನಿಂತು ಅನುವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಸ್ಕ್ರೂಡ್ರೈವರಿನಿಂದ ಕೆರೆಯುವ ಸದ್ದು ಶುರುವಾಗಿತ್ತು.